ಬೊಂಬೆಗೆ ಬಿದ್ದ ಕಚ್ಚುಗಳು

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಜಾತಿ ನನ್ನದು. ಚಿಕ್ಕಂದಿನಿಂದಲೂ ಹಾಗೆಯೇ. ಕೋಡಿಹಳ್ಳಿ ಪಕ್ಕದ ನಮ್ಮೂರಿಗೆ ಬಂದಿದ್ದ ನೆಂಟರೊಬ್ಬರು ನಮ್ಮ ಹುಳದ ಮನೆಯ ಜಗಲಿ ಮೇಲೆ ಮಲಗಿದ್ದವರು, ಒಳಗೆ ಯಾರೋ ಗುಸುಗುಸು ಮಾತಾಡುತ್ತಿದ್ದಾರೆ ಎಂದು ಹೆದರಿ ಚಾಪೆ ಸುತ್ತಿಕೊಂಡು ನಡುಮನೆಗೆ ಓಡಿ ಬಂದಿದ್ದರು. ರೇಷ್ಮೆ ಹುಳಗಳು ಸೊಪ್ಪು ಮೇಯುವ ಸದ್ದು ಅದು. ಹತ್ತು ವರ್ಷದ ನಾನು ಅವರ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಅವರಿಗೆ ನಾಚಿಕೆಯಾಯಿತು, ನನಗೆ ಕೊಬ್ಬು ಬಂತು. ಆ ಕೊಬ್ಬು ಮೂರು ವರ್ಷದ ಹಿಂದಿನವರೆಗೂ ಇಳಿದಿರಲಿಲ್ಲ.

ಈಗಲೂ ಪೂರ್ತಿ ಇಳಿದಿದೆ ಅಂತಲ್ಲ. ಇದನ್ನು ಓದಿ ನಿಮ್ಮಲ್ಲಿ ಯಾರಾದರೂ "ಅಯ್ಯೋ, ಇದಕ್ಕೆ ಕಾರಣ ಇಂಥದ್ದು ಕಣ್ರೀ" ಎಂದು ಬಿಡಿಸಿ ಹೇಳಿದರೆ ಸಂತೋಷವಾಗಿ ಒಪ್ಪಿಕೊಳ್ಳುತ್ತೇನೆ. ನಾನೇ ಮೂರು ವರ್ಷದಿಂದ ಹುಡುಕುತ್ತಿದ್ದೇನೆ, ನನಗೆ ಸಿಕ್ಕಿಲ್ಲ.

ನನ್ನ ಕೆಲಸ ಏನೆಂದು ಹೇಳಿಬಿಟ್ಟರೆ ಒಳ್ಳೆಯದು. ರಾಮನಗರದಲ್ಲಿ ಸಣ್ಣದೊಂದು ರೇಷ್ಮೆ ನೂಲು ಬಿಚ್ಚುವ ಘಟಕವಿದೆ, ಅದಕ್ಕೆ ಗೂಡು ಆರಿಸಿ ಕೊಳ್ಳುವವನು ನಾನು. ಸುಮಾರು ಮೂವತ್ತು ವರ್ಷದಿಂದ ಇದೇ ಕೆಲಸ. ಗೂಡಿನ ರಾಶಿಗೆ ಕೈ ಹಾಕಿ ಒಂದೆರಡನ್ನು ಬೆರಳ ನಡುವೆ ಒತ್ತಿದರೆ ಸಾಕು, ಗೂಡು ಗಟ್ಟಿಯೋ ಪೊಳ್ಳೋ, ಒಳಗಿನ ಹುಳ ಸತ್ತು ಕರಗಿದೆಯೋ, ನೂಲು ಕಿತ್ತು ಕಿತ್ತು ಬರುತ್ತದೋ ಎಲ್ಲ ಗೊತ್ತಾಗುತ್ತದೆ. ಕಣ್ಣು ಮೋಸ ಹೋಗಬಹುದು, ನನ್ನ ಬೆರಳು ಹೋಗುವುದಿಲ್ಲ. ಜಂಬ ಅಂತೀರಾ? ಅನ್ನಿ, ಪರವಾಗಿಲ್ಲ.

ಇಂಥ ನನ್ನ ಬೀರುವಿನಲ್ಲಿ, ಜಮೀನಿನ ಪತ್ರಗಳ ಹಿಂದೆ, ಹಳೆಯ ಕಾಲುಚೀಲದೊಳಗೆ ಒಂದು ಮರದ ಬೊಂಬೆ ಇತ್ತು. ಚನ್ನಪಟ್ಟಣದ್ದು, ಹಾಲೆ ಮರದಲ್ಲಿ ಕಡೆದದ್ದು. ಅರ್ಧ ಗೇಣು ಎತ್ತರ. ಗುಂಡನೆಯ ತಲೆ, ಸಣ್ಣ ಕತ್ತು, ಗುಂಡನೆಯ ಹೊಟ್ಟೆ, ಅಷ್ಟೆ. ಕೈಯಿಲ್ಲ, ಕಾಲಿಲ್ಲ. ತಲೆ ಹಳದಿ, ಹೊಟ್ಟೆ ಕೆಂಪು ಎಂದು ನಾನು ಹೇಳಬೇಕೇ ಹೊರತು ನೋಡಿದವರಿಗೆ ತಿಳಿಯುತ್ತಿರಲಿಲ್ಲ, ಅಷ್ಟು ಮಾಸಿತ್ತು. ಒಂದು ಕಣ್ಣು ಅಳಿಸಿಹೋಗಿತ್ತು. ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಚನ್ನಪಟ್ಟಣದ ಅಂಗಡಿಗಳಲ್ಲಿ ಫಳಫಳ ಹೊಳೆಯುವ ಕುದುರೆ, ರೈಲು, ಗಿಲಕಿ ಸಾಲಾಗಿ ನಿಂತಿರುತ್ತವೆ. ನನಗೆ ಒಂದನ್ನಾದರೂ ಮುಟ್ಟಿ ನೋಡೋಣ ಅಂತ ಅನ್ನಿಸಿದ್ದಿಲ್ಲ. ಆದರೆ ಯಾರದೋ ಮನೆಯ ಅಟ್ಟದಿಂದ ಚಕ್ರ ಮುರಿದ ಗಾಡಿಯೋ ಕಿವಿ ಹೋದ ಕುದುರೆಯೋ ಬಿದ್ದರೆ ಸಾಕು, ಕೈಗೆತ್ತಿಕೊಂಡು ನಿಂತುಬಿಡುತ್ತೇನೆ. ಯಾವ ಮಗು ಎಷ್ಟು ವರ್ಷ ಎಳೆದಾಡಿತೋ, ಎಲ್ಲಿ ಬೀಳಿಸಿ ಎಷ್ಟು ಅತ್ತಿತೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತೇನೆ. ನನ್ನ ಹೆಂಡತಿ ಮಾಗಡಿ ಕಡೆಯವಳು, ಬಾಯಿ ಒಸಿ ಜೋರು. "ಐವತ್ತು ದಾಟಿದ ಗಂಡಸು, ಕಾಲುಚೀಲದಲ್ಲಿ ಬೊಂಬೆ ಮಡಗವ್ರೆ. ಯಾರ್ಗಾದ್ರೂ ಹೇಳಿದ್ರೆ ನನ್ನ ಮಾನ ಹೋಯ್ತದೆ" ಎಂದು ವರ್ಷಕ್ಕೊಮ್ಮೆ ಬೀರು ಒರೆಸುವಾಗ ಅನ್ನುವಳು. ಅಂದು ಮತ್ತೆ ಅಲ್ಲೇ ಇಡುವಳು.

ಆ ಬೊಂಬೆಯನ್ನು ತಂದವಳು ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ. ನಾನು ಹುಟ್ಟಿದಾಗ ಅವ್ವನಿಗೆ ಮೈ ಸರಿಯಿರಲಿಲ್ಲ. ಜೊತೆಗೆ ಹುಳ ಸಾಕುವ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಯಾರಿಗೆ ಪುರುಸೊತ್ತು? ಹೊತ್ತು ಹೊತ್ತಿಗೆ ಸೊಪ್ಪು ಹಾಕದಿದ್ದರೆ ಹುಳ ಸಾಯುತ್ತದೆ, ಮಗು ಅತ್ತರೆ ಒಂದು ಗಳಿಗೆ ಅತ್ತುಕೊಳ್ಳಲಿ ಅನ್ನಬಹುದು. ಅದಕ್ಕೆ ಚನ್ನಪಟ್ಟಣದ ಹತ್ತಿರದ ತೌರಿನಿಂದ ಹದಿನೈದು ವರ್ಷದ ಚಿಗವ್ವನನ್ನು ಕರೆಸಿದರು. ಅವಳು ಬರುವಾಗ ಸೆರಗಿನಲ್ಲಿ ಈ ಬೊಂಬೆ ಕಟ್ಟಿಕೊಂಡು ಬಂದಳಂತೆ. ಆರು ವರ್ಷ ನನ್ನನ್ನು ಎತ್ತಿ ಆಡಿಸಿದ್ದು, ಉಣ್ಣಿಸಿದ್ದು, ಮಲಗಿಸಿದ್ದು ಎಲ್ಲ ಅವಳೇ.

ಮಲಗಿಸುವಾಗ ಅವಳು ನನ್ನ ಬೆರಳು ಹಿಡಿದು ಬೊಂಬೆಯ ಮೇಲೆ ಆಡಿಸುವಳು. ಬೊಂಬೆಯ ತಳದಲ್ಲಿ ಒಂದು ಕಡೆ ಸುಟ್ಟು ಗುಳಿ ಬಿದ್ದಿತ್ತು. "ಇದು ಒಲೆ ಕಚ್ಚಿದ್ದು" ಅನ್ನುವಳು. ಹೊಟ್ಟೆಯ ಮೇಲೆ ಒಳಕಲ್ಲಿಗೆ ಬಡಿದು ಒಂದು ಚಕ್ಕೆ ಹಾರಿತ್ತು. "ಇದು ಕಲ್ಲು ಕಚ್ಚಿದ್ದು." ತಲೆಯ ಮೇಲೆ, ಚಕ್ಕೆಯ ನೇರಕ್ಕಲ್ಲ, ಎರಡು ಬೆರಳಷ್ಟು ಬಲಕ್ಕೆ, ಹಲ್ಲು ಬರುವಾಗ ನಾನು ಅಗಿದ ಗುರುತು. ಮೇಲೆ ನಾಲ್ಕು, ಕೆಳಗೆ ಎರಡು. "ಇದು ನನ್ ಕೂಸು ಕಚ್ಚಿದ್ದು" ಎಂದು ಮೂಗು ಹಿಂಡುವಳು. ಅಷ್ಟು ಹೊತ್ತಿಗೆ ನನಗೆ ನಿದ್ದೆ. ಈ ಮೂರು ಕಚ್ಚುಗಳನ್ನು ನಾನು ನನ್ನ ಅಂಗೈ ಗೆರೆಗಿಂತ ಚೆನ್ನಾಗಿ ಬಲ್ಲೆ.

ನನಗೆ ಆರು ತುಂಬಿದ ವರ್ಷ ಚಿಗವ್ವನನ್ನು ಉಯ್ಯಂಬಳ್ಳಿಗೆ ಕೊಟ್ಟು ಮದುವೆ ಮಾಡಿದರು. ಅವಳು ಹೊರಟ ದಿನ ನಾನು ಹುಳದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ, ಹೊರಗೆ ಬರಲಿಲ್ಲ. ಒಂದು ಮಾತೂ ಹೇಳದೆ, ತಿರುಗಿಯೂ ನೋಡದೆ ಹೋದಳು ಎಂದು ಅವತ್ತು ತೀರ್ಮಾನ ಮಾಡಿದ್ದೆ. ಆಮೇಲೆ ಅವಳು ಬಂದಾಗಲೆಲ್ಲ ನಾನು ಸರಿಯಾಗಿ ಮಾತಾಡಲಿಲ್ಲ. ಮೊದಲು ಕೋಪ, ಆಮೇಲೆ ಸಂಕೋಚ, ಆಮೇಲೆ ಕೆಲಸ, ಸಂಸಾರ. ರಾಮನಗರದಿಂದ ಉಯ್ಯಂಬಳ್ಳಿ ಏನು ಸಮುದ್ರದಾಚೆಯಲ್ಲ. ಆದರೂ ಮದುವೆಗೋ ತಿಥಿಗೋ ಬಿಟ್ಟರೆ ಹೋಗಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಮೂರು ವರ್ಷದ ಹಿಂದೆ ಚಿಗವ್ವನ ಸೊಸೆ ಮಂಜುಳ ಫೋನು ಮಾಡಿದಳು. ಸಕ್ಕರೆ ಕಾಯಿಲೆಯಿಂದ ಚಿಗವ್ವನ ಕಣ್ಣು ಹೋಗಿ ಆಗಲೇ ಒಂದೆರಡು ವರ್ಷವಾಗಿತ್ತು. ಆಮೇಲೆ ಒಂದು ಜ್ವರ ಬಂದು ನೆನಪೂ ಕಲಸಿಹೋಗಿತ್ತು. "ಬಾವ, ಅತ್ತೆ ದಿನಾ ನಿಮ್ಮನ್ನೇ ಕೇಳ್ತಾರೆ. ನನ್ ಕೂಸೆಲ್ಲಿ, ಕೂಸ್ಗೆ ಯಾರು ಉಣ್ಣಿಸ್ತಾರೆ ಅಂತಾರೆ. ಊಟಾನೇ ಸೇರ್ತಾ ಇಲ್ಲ. ಒಂದ್ಸಲ ಬಂದ್ ಹೋಗಿ" ಎಂದಳು. ಆ ಭಾನುವಾರವೇ ಹೋದೆ.

ಹೋಗಿ ಏನಾಯಿತು? ನಾನು ಕೈ ಹಿಡಿದು "ಚಿಗವ್ವ, ನಾನು" ಅಂದೆ. ಅವಳು ನನ್ನ ಅಂಗೈಯನ್ನು ಒಂದು ಸಲ ಸವರಿ, ನಿಧಾನಕ್ಕೆ ಬಿಟ್ಟುಬಿಟ್ಟಳು. "ಕುಂತ್ಕಳಿ ಸ್ವಾಮಿ. ನಮ್ ಕೂಸಿನ ಕೈ ಇಷ್ಟ್ ದೊಡ್ಡದಿಲ್ಲ" ಅಂದಳು. ನನಗೆ ಸ್ವಾಮಿ! ಮಂಜುಳ ಎಷ್ಟು ಹೇಳಿದರೂ ಕೇಳಲಿಲ್ಲ, ಯಾರೋ ಯಾಮಾರಿಸುತ್ತಿದ್ದಾರೆ ಎಂದು ಗೋಡೆ ಕಡೆ ತಿರುಗಿ ಮಲಗಿದಳು. ನಾನು ಹೊರಗೆ ಬಂದು ಗಾಡಿ ಹತ್ತುವಾಗ ಮಂಜುಳ ಹೇಳಿದಳು, "ಅದ್ಯಾವುದೋ ಬೊಂಬೆ ಅಂತ ತಡಕ್ತಾ ಇರ್ತಾರೆ ಬಾವ. ಅದು ಇನ್ನೂ ಐತಾ?"

ಐತಾ ಅಂತೆ! ದಾರಿಯುದ್ದಕ್ಕೂ ನನಗೆ ಅದೊಂದೇ ಯೋಚನೆ. ಕಣ್ಣಿಲ್ಲದವಳಿಗೆ ನನ್ನ ಮುಖ ಕಾಣದು, ದನಿ ಗಡಸಾಗಿದೆ, ಕೈ ದೊಡ್ಡದಾಗಿದೆ. ನನ್ನದೆಂದು ಅವಳಿಗೆ ಗುರುತು ಸಿಗುವ ವಸ್ತು ಈ ಲೋಕದಲ್ಲಿ ಒಂದೇ ಉಳಿದಿದೆ, ಅದು ಆ ಬೊಂಬೆಯ ಮೇಲಿನ ಮೂರು ಕಚ್ಚು. ಅದನ್ನು ಕೈಗಿಟ್ಟರೆ ಒಂದು ಸಲವಾದರೂ ನನ್ನನ್ನು "ಮಗ" ಅನ್ನುತ್ತಾಳೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಆದರೆ ಬೊಂಬೆಯ ಕತ್ತು ಸೀಳಿತ್ತು. ಹಿಡಿದು ಅದುಮಿದರೆ ತಲೆ ಕೈಗೆ ಬರುವಂತಿತ್ತು. ಅವಳ ಕೈಯಲ್ಲೇ ಮುರಿದರೆ ಏನು ಗತಿ ಎಂದು ಚನ್ನಪಟ್ಟಣಕ್ಕೆ ತೆಗೆದುಕೊಂಡು ಹೋದೆ. ಒಂದು ಬೀದಿಯಲ್ಲಿ ಲೇತ್ ಮಿಷಿನ್ ಇಟ್ಟುಕೊಂಡಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ಹಳೇ ಕೈಕೆಲಸ ಸಾರ್, ಒಳ್ಳೇ ಮರ" ಅಂದರು. ಕತ್ತು ಬಿಗಿ ಮಾಡಿಕೊಡಿ, ಮಿಕ್ಕಿದ್ದಕ್ಕೆ ನಾಳೆ ಫೋನು ಮಾಡಿ ಎಂದು ನಂಬರು ಕೊಟ್ಟು ಬಂದೆ. ಮಿಕ್ಕಿದ್ದಕ್ಕೆ ಅಂತ ಯಾಕೆ ಹೇಳಿದೆನೋ! ಮಿಕ್ಕಿದ್ದೇನನ್ನೂ ಮುಟ್ಟಬೇಡಿ ಎಂದು ಬಾಯಿ ಬಿಟ್ಟು ಹೇಳಿ ಬಂದಿದ್ದರೆ ಮುಗಿದು ಹೋಗುತ್ತಿತ್ತು.

ಮಾರನೆಯ ದಿನ ಅವರು ಫೋನು ಮಾಡಿದಾಗ ನಾನು ಗೂಡಿನ ಮಾರುಕಟ್ಟೆಯ ಗದ್ದಲದ ನಡುವೆ ನಿಂತಿದ್ದೆ. ಒಂದು ಕೈ ಕುದೂರಿನ ರೈತರೊಬ್ಬರ ಗೂಡಿನ ರಾಶಿಯಲ್ಲಿ, ಇನ್ನೊಂದು ಕೈಯಲ್ಲಿ ಫೋನು. ಆ ರಾಶಿಯಲ್ಲಿ ಜೋಡಿ ಗೂಡು ಬಹಳ ಇದ್ದವು. ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದರೆ ಅದರ ನೂಲು ಬಿಚ್ಚುವುದಕ್ಕೆ ಬರುವುದಿಲ್ಲ, ಸಿಕ್ಕು ಸಿಕ್ಕು. ಫೋನಿನಲ್ಲಿ "ಸಾರ್, ಕತ್ತು ಅಂಟ್ಸಿದೀನಿ" ಎಂಬುದು ಕೇಳಿಸಿತು. ಸರಿ ಎಂದು ಸಮಾಧಾನವಾಯಿತು. ಅವರು ಮುಂದೇನೋ ಹೇಳುತ್ತಿದ್ದರು, ನಾನು ಫೋನು ಕಿವಿಗೆ ಹಿಡಿದುಕೊಂಡೇ ಆ ರೈತರಿಗೆ ಹೇಳಿದೆ: "ತಗೀರಿ, ಎಲ್ಲಾ ತಗೀರಿ. ಒಂದೂ ಇರ್ಬಾರ್ದು!"

ಮೇಸ್ತ್ರಿ ಕೇಳಿದ್ದ ಪ್ರಶ್ನೆ ಏನೆಂದು ನಿಮಗೆ ಆಗಲೇ ಹೊಳೆದಿರಬೇಕು. "ಈ ಕಚ್ಚೆಲ್ಲಾ ಹಂಗೇ ಇರ್ಲಾ ಸಾರ್, ತಗೀಲಾ?"

ಬುಧವಾರ ಹೋದಾಗ ಬೊಂಬೆಯನ್ನು ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿದ್ದರು. ಹಳದಿ ತಲೆ, ಕೆಂಪು ಹೊಟ್ಟೆ, ಎರಡು ಕಪ್ಪು ಕಣ್ಣು. ಲೇತಿಗೆ ಕೊಟ್ಟು, ಉಳಿ ಹಿಡಿದು, ಸುಟ್ಟದ್ದು, ಚಕ್ಕೆ ಹಾರಿದ್ದು, ಹಲ್ಲು ನಾಟಿದ್ದು ಎಲ್ಲವೂ ಹೋಗುವಷ್ಟು ಮರವನ್ನು ಸುತ್ತಲೂ ಹೆರೆದು, ಹೊಸ ಅರಗು ಹಚ್ಚಿ, ಮಿರಿಮಿರಿ ಮಿಂಚುವಂತೆ ಮಾಡಿದ್ದರು. ಒಂದು ಸುತ್ತು ಸಣ್ಣಗಾಗಿತ್ತು. "ಹೊಸಾದ್ಕಿಂತ ಹೊಸಾದು ಆಯ್ತು ನೋಡಿ" ಎಂದು ನನ್ನ ಮುಖ ನೋಡಿದರು. ನಾನು ಯಾರ ಮೇಲಾದರೂ ಸುಲಭವಾಗಿ ರೇಗುವವನು. ಅವತ್ತೂ ರೇಗಿದೆ, "ಯಾರ್ರೀ ನಿಮಗೆ ಹೇಳಿದ್ದು?" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅವರು ತಬ್ಬಿಬ್ಬಾದರು. "ನೀವೇ ಅಂದ್ರಲ್ಲ ಸಾರ್, ಎಲ್ಲಾ ತಗೀರಿ, ಒಂದೂ ಇರ್ಬಾರ್ದು ಅಂತ." ಆಗ ಆ ರೈತರ ಜೋಡಿ ಗೂಡು ನೆನಪಾಯಿತು. ಅಲ್ಲೇ ಮರದ ಹೊಟ್ಟಿನ ಮೂಟೆಯ ಮೇಲೆ ಕೂತುಬಿಟ್ಟೆ. ಅಳು ಬಂತು, ತಡೆಯಲಿಲ್ಲ.

ಪಾಪ ಆ ಮನುಷ್ಯ ನನಗಿಂತ ಹೆಚ್ಚು ನೊಂದುಕೊಂಡರು. ವಿಷಯ ಕೇಳಿದ ಮೇಲೆ ನೆಲದ ಮೇಲಿನ ಹೊಟ್ಟನ್ನು ಕೈಯಿಂದ ಕೆದಕಿ ನೋಡಿದರು, ಅದರಲ್ಲಿ ಏನು ಸಿಗಬೇಕು? ಬೇಕಾದರೆ ತಳದಲ್ಲಿ ಸುಟ್ಟು, ಹೊಟ್ಟೆಯಲ್ಲಿ ಒಂದು ಚಕ್ಕೆ ಎಬ್ಬಿಸಿಕೊಡುತ್ತೇನೆ ಎಂದರು. "ಹಲ್ಲಿಗೆ ಏನ್ ಮಾಡ್ತೀರಿ?" ಎಂದು ಕೇಳಿದೆ. ಅವರು ಉಳಿಯನ್ನು ಕೆಳಗಿಟ್ಟರು. ನನಗೂ ಅವಳಿಗೆ ಸುಳ್ಳು ಗುರುತು ಮುಟ್ಟಿಸಲು ಮನಸ್ಸಾಗಲಿಲ್ಲ. ಆ ರಾತ್ರಿ ಬೊಂಬೆಯ ಮೈಯೆಲ್ಲ ಬೆರಳಾಡಿಸಿ ಹುಡುಕಿದೆ. ಗೂಡಿನ ಮೇಲಿನ ಕೂದಲೆಳೆಯಷ್ಟು ಸುಕ್ಕನ್ನು ಹಿಡಿಯುವ ಬೆರಳು ಇದು. ಒಂದು ತಗ್ಗಿಲ್ಲ, ಒಂದು ಗೀರಿಲ್ಲ. ನಯವೋ ನಯ. ಹೆಂಡತಿ ಪಕ್ಕದಲ್ಲಿ ಕೂತು ನೋಡಿದಳು, ಅವತ್ತು ತಮಾಷೆ ಮಾಡಲಿಲ್ಲ.

ಶನಿವಾರ ಮಂಜುಳ ಮತ್ತೆ ಫೋನು ಮಾಡಿದಳು. ಚಿಗವ್ವ ಎರಡು ದಿನದಿಂದ ಗಂಜಿ ಕೂಡ ನುಂಗುತ್ತಿಲ್ಲ ಎಂದಳು. ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಭಾನುವಾರ ಕನಕಪುರ, ಕೋಡಿಹಳ್ಳಿ ಮೇಲೆ ಹೊರಟು ಮಧ್ಯಾಹ್ನ ಎರಡು ಗಂಟೆಗೆ ಉಯ್ಯಂಬಳ್ಳಿ ತಲುಪಿದೆ. ಅದೇ ಬೊಂಬೆ, ಆದರೆ ಹೀಗೆ ಹಾಳು ಮಾಡಿದೆ ಎಂದು ನಿಜ ಹೇಳಿಬಿಡುವುದು, ಆಮೇಲೆ ಅವಳಿಷ್ಟ ಎಂದುಕೊಂಡಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ಸುತ್ತ ಕತ್ತಲೆಯಿಲ್ಲ, ಗಾಳಿ ಸುಯ್ಯೆನ್ನಲಿಲ್ಲ, ನಾಯಿ ಊಳಿಡಲಿಲ್ಲ. ಇಂಥ ಸಂಗತಿಗಳಿಗೆ ಜನ ಸೇರಿಸುವ ಯಾವ ಒಗ್ಗರಣೆಯೂ ಅಲ್ಲಿರಲಿಲ್ಲ. ನಡುಮನೆಯಲ್ಲಿ ಫ್ಯಾನು ತಿರುಗುತ್ತಿತ್ತು, ಚಿಗವ್ವ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು, ಮಂಜುಳ ಅವರೆಕಾಯಿ ಸುಲಿಯುತ್ತಿದ್ದಳು.

ನಾನು ಪಕ್ಕದಲ್ಲಿ ಕೂತು ಬೊಂಬೆಯನ್ನು ಅವಳ ಕೈಗಿಟ್ಟೆ. "ಏನ್ ಸ್ವಾಮಿ ಇದು?" ಅಂದಳು. ನಾನು ನಿಜ ಹೇಳಲು ಬಾಯಿ ತೆರೆಯುವ ಮೊದಲೇ ಅವಳು ಬೊಂಬೆಯನ್ನು ಮೂಸಿದಳು, ಹೊಸ ಅರಗಿನ ವಾಸನೆಗೋ ಏನೋ ಮುಖ ಒಸಿ ಕಿವುಚಿದಳು. ಮುಗಿಯಿತು, ಇದಲ್ಲ ಅನ್ನುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಅವಳ ಹೆಬ್ಬೆರಳು ಬೊಂಬೆಯ ತಳದ ಸುತ್ತ ನಿಧಾನಕ್ಕೆ ಹೊರಟು, ಒಂದು ಕಡೆ ಗಕ್ಕನೆ ನಿಂತಿತು.

"ಇದು ಒಲೆ ಕಚ್ಚಿದ್ದು" ಅಂದಳು.

ಹೆಬ್ಬೆರಳು ಮೇಲಕ್ಕೆ ಹತ್ತಿತು. ಹೊಟ್ಟೆಯ ಮೇಲೆ ನಿಂತಿತು. "ಇದು ಕಲ್ಲು ಕಚ್ಚಿದ್ದು." ಅಲ್ಲಿಂದ ಕತ್ತು ದಾಟಿ, ನೇರಕ್ಕೆ ಹೋಗದೆ ಎರಡು ಬೆರಳಷ್ಟು ಬಲಕ್ಕೆ ಜರುಗಿ ತಲೆಯ ಮೇಲೆ ನಿಂತು, ಅಲ್ಲೇ ಉಗುರಿನಿಂದ ಒಂದೊಂದಾಗಿ ಮುಟ್ಟಿ ಎಣಿಸಿತು. ಮೇಲೆ ನಾಲ್ಕು, ಕೆಳಗೆ ಎರಡು. "ಇದು ನನ್ ಕೂಸು ಕಚ್ಚಿದ್ದು."

ಈಗ ನೀವು ಹೇಳುವುದನ್ನೇ ನಾನೂ ಅವತ್ತು ಹೇಳಿಕೊಂಡೆ. ಆರು ವರ್ಷ ದಿನವೂ ಆಡಿಸಿದ ಕೈ, ಅಭ್ಯಾಸಬಲ, ಬೊಂಬೆಯ ಆಕಾರ ಸಿಕ್ಕಿದ್ದೇ ಕೈ ತನ್ನ ಹಳೆಯ ದಾರಿ ಹಿಡಿದಿದೆ. ಸರಿ ತಾನೆ? ಆದರೆ ನನ್ನ ಹಾಳು ಕೊಬ್ಬು ಎಲ್ಲಿ ಬಿಡುತ್ತದೆ? ಬೊಂಬೆಗೆ ಮೇಸ್ತ್ರಿ ಹೊಸದಾಗಿ ಬರೆದ ಕಣ್ಣುಗಳಿದ್ದವಲ್ಲ, ಅವಳ ಬೆರಳು ಎಡಗಣ್ಣಿನ ನೇರ ಕೆಳಗೆ ಹೊಟ್ಟೆಯ ಮೇಲೆ ನಿಂತಿದ್ದನ್ನು ಗುರುತಿಟ್ಟುಕೊಂಡೆ. ಬೊಂಬೆಯನ್ನು ಮೆಲ್ಲಗೆ ತೆಗೆದುಕೊಂಡು, ಬುಗುರಿ ಹಾಗೆ ತಿರುಗಿಸಿ, ತಲೆಕೆಳಗು ಮಾಡಿ ಮತ್ತೆ ಕೊಟ್ಟೆ. ಅವಳು ಅದನ್ನು ಸರಿ ಮಾಡಿಕೊಂಡು ಮತ್ತೆ ಅದೇ ಎಡಗಣ್ಣಿನ ನೇರಕ್ಕೆ ಬಂದು ನಿಂತಳು. ಇನ್ನೊಂದು ಸಲ ಮಾಡಿದೆ. ಮತ್ತೆ ಅಲ್ಲೇ. ಮಂಜುಳ ಅವರೆಕಾಯಿ ಬಿಟ್ಟು ನನ್ನನ್ನೇ ನೋಡುತ್ತಿದ್ದವಳು, "ಅತ್ತೇನ ಪರೀಕ್ಸೆ ಮಾಡ್ತಾ ಇದೀರಾ ಬಾವ? ನಾಚ್ಕೆ ಆಗಲ್ವಾ?" ಅಂದಳು. ನಾಚಿಕೆ ಆಯಿತು. ಆದರೂ ಮೂರನೆಯ ಸಲ ತಿರುಗಿಸಿ ಕೊಟ್ಟೆ.

ಈ ಸಲ ಚಿಗವ್ವ ಮೂರನ್ನೂ ಎಣಿಸಿ ಮುಗಿಸಿ ಸುಮ್ಮನಾಗಲಿಲ್ಲ. ಬೆರಳು ಬೊಂಬೆಯ ಹಿಂದಕ್ಕೆ ಹೋಯಿತು. ಬೆನ್ನಿನ ಮೇಲೆ, ಕತ್ತಿನ ಕೆಳಗೆ ತಡವರಿಸಿತು. ಅವಳ ಹುಬ್ಬು ಗಂಟಾಯಿತು. "ಇದೇನಿದು? ಒಂದು... ಎರಡು... ಮೂರು. ಇದು ನಾನಿದ್ದಾಗ ಇರ್ನಿಲ್ಲ" ಅಂದಳು.

ಓದುಗರೇ, ಒಂದು ಸಂಗತಿಯನ್ನು ನಾನು ನಿಮಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ, ಅವ್ವನಿಗೂ ಹೇಳಿರಲಿಲ್ಲ. ಚಿಗವ್ವ ಹೊರಟ ದಿನ ಹುಳದ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾನು ಸುಮ್ಮನೆ ಕೂತಿರಲಿಲ್ಲ. ಗೋಣಿಚೀಲ ಹೊಲಿಯುವ ದಬ್ಬಳ ಅಲ್ಲಿತ್ತು. ಅದನ್ನು ತೆಗೆದುಕೊಂಡು ಬೊಂಬೆಯ ಬೆನ್ನಿಗೆ, ಕತ್ತಿನ ಕೆಳಗೆ, ಚುಚ್ಚಿದೆ. "ಬರಬ್ಯಾಡ, ಬರಬ್ಯಾಡ, ಬರಬ್ಯಾಡ" ಎಂದು ಮೂರು ಸಲ. ಆಮೇಲೆ ಭಯವಾಗಿ ಒಲೆಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಆ ತೂತುಗಳಿಗೆ ಮೆತ್ತಿದೆ. ಆರು ವರ್ಷದ ಹುಡುಗನ ಸಿಟ್ಟು, ಅಷ್ಟೇ. ಆದರೆ ದೊಡ್ಡವನಾದ ಮೇಲೂ ಆ ಬೊಂಬೆಯನ್ನು ಕೈ ಬಿಡಲಾರದೆ ಇಟ್ಟುಕೊಂಡಿದ್ದಕ್ಕೆ ಹಲ್ಲಿನ ಗುರುತಿನಷ್ಟೇ ಆ ಮೂರು ಚುಚ್ಚೂ ಕಾರಣ.

ಚಿಗವ್ವ ಆ ಜಾಗವನ್ನು ಸವರುತ್ತಲೇ ಇದ್ದಳು, ಮಗುವಿಗೆ ಪೆಟ್ಟಾದಲ್ಲಿ ಸವರುವ ಹಾಗೆ. ಆಮೇಲೆ ಕಾಣದ ಕಣ್ಣನ್ನು ನನ್ನ ಕಡೆಗೆ ತಿರುಗಿಸಿ ಕೇಳಿದಳು.

"ಅಷ್ಟೊಂದ್ ಕ್ವಾಪ ಬಂದಿತ್ತಾ ಮಗ?"

"ಹೂಂ ಚಿಗವ್ವ" ಅಂದೆ. ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. ಅದು ಎಷ್ಟು ದೊಡ್ಡದಿದೆ ಎಂದು ಈ ಸಲ ನೋಡಲಿಲ್ಲ. "ಉಂಡ್ಯಾ?" ಅಂದಳು. ಉತ್ತರಕ್ಕೂ ಕಾಯದೆ, "ಮಂಜುಳಾ, ಮಗೀಗೆ ಇಟ್ಟಿಕ್ಕು, ಯಾವಾಗ್ ಉಂಡಿದ್ದೋ ಏನೋ" ಎಂದು ಕೂಗಿದಳು. ನಾನು ಉಣ್ಣುವಾಗ ಅವಳೂ ಉಂಡಳು. ಅರ್ಧ ಮುದ್ದೆ, ಅವರೆಕಾಳಿನ ಸಾರು. ಮಂಜುಳ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದಳು.

ಹೊರಡುವ ಮುಂಚೆ ಬೊಂಬೆಯನ್ನು ಕೇಳಿ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಬೆನ್ನಿನ ಮೇಲೆ ಬೆರಳಿಟ್ಟೆ, ಉಗುರಿಟ್ಟೆ, ಕೊನೆಗೆ ನಾಲಿಗೆಯನ್ನೂ ಇಟ್ಟು ನೋಡಿದೆ, ನಗಬೇಡಿ. ಏನೂ ಇಲ್ಲ. ಬೊಂಬೆಯನ್ನು ಅವಳ ಹತ್ತಿರವೇ ಬಿಟ್ಟು ಬಂದೆ.

ಆಮೇಲೆ ನಾನು ಸುಮ್ಮನಿರಲಿಲ್ಲ. ದಬ್ಬಳದ ತೂತು ಹಲ್ಲಿನ ಗುರುತಿಗಿಂತ ಆಳ. ಮೇಲಿನ ಮರ ಹೆರೆದರೂ ತೂತಿನ ತಳ ಉಳಿದಿರಬಹುದು, ಅದರೊಳಗೆ ಅರಗು ಇಳಿದು ನನ್ನ ಬೆರಳಿಗೆ ಸಿಗದಷ್ಟು ಸಣ್ಣ ತಗ್ಗು ಇರಬಹುದು, ಕಣ್ಣಿಲ್ಲದವರ ಬೆರಳು ನನ್ನದಕ್ಕಿಂತ ಚುರುಕು. ಹೀಗೆಲ್ಲ ಯೋಚಿಸಿ ಚನ್ನಪಟ್ಟಣಕ್ಕೆ ಹೋಗಿ ಮೇಸ್ತ್ರಿಯನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಬೆನ್ನ ಕಡೆ ತೂತು ನಾನು ನೋಡ್ಲಿಲ್ಲ ಸಾರ್. ಹೆರೆದಾಗ ಮರ ಹಾಲ್ ತರ ಬೆಳ್ಳಗಿತ್ತು. ಕಪ್ಪು ಚುಕ್ಕೆ ಇದ್ದಿದ್ರೆ ಕಣ್ಣಿಗೆ ಹೊಡೀತಿತ್ತು" ಎಂದರು. ಹೆಂಡತಿಗೆ ಎಲ್ಲ ಹೇಳಿದೆ. ಚಿಕ್ಕವರಿದ್ದಾಗ ನಿದ್ದೆಗಣ್ಣಲ್ಲಿ ನೀವೇ ಅವ್ವನ ಹತ್ತಿರ ಬಡಬಡಿಸಿರಬೇಕು, ಅವ್ವ ತಂಗಿಗೆ ಹೇಳಿರಬೇಕು ಎಂದಳು. ಇರಬಹುದು. ಹೇಳಿದ್ದರೂ ಎಲ್ಲಿ ಚುಚ್ಚಿದೆ, ಎಷ್ಟು ಚುಚ್ಚಿದೆ ಎಂದು ಆರು ವರ್ಷದವನು ಅಳತೆ ಕೊಟ್ಟು ಹೇಳಿದನೇ? ಕೇಳಿ ತಿಳಿಯೋಣವೆಂದರೆ ಅವ್ವ ಈಗಿಲ್ಲ. ಚಿಗವ್ವನನ್ನೇ ಕೇಳಿದೆ, "ನಿಂಗೆ ಹೆಂಗ್ ಗೊತ್ತಾಯ್ತು?" ಎಂದು. "ಮುಟ್ಟಿದ್ರೆ ಗೊತ್ತಾಗಲ್ವಾ?" ಎಂದು ನನ್ನನ್ನೇ ದಡ್ಡನನ್ನು ನೋಡುವ ಹಾಗೆ ಕೇಳಿದಳು.

ಅವತ್ತಿನಿಂದ ಅವಳು ನನ್ನನ್ನು ಮರೆತಿಲ್ಲ. ಹೊತ್ತು ಹೊತ್ತಿಗೆ ನೀರೆರೆದು ಉಣ್ಣಿಸುವ ಮಂಜುಳಳನ್ನೇ ಒಂದೊಂದು ದಿನ "ನೀವ್ಯಾರವ್ವ?" ಅನ್ನುತ್ತಾಳೆ, ನನ್ನ ಹೆಜ್ಜೆ ಸದ್ದಿಗೆ "ಬಂದ್ಯಾ ಮಗ" ಅನ್ನುತ್ತಾಳೆ. ತಿಂಗಳಿಗೆರಡು ಸಲ ತಪ್ಪದೆ ಹೋಗುತ್ತೇನೆ. ಹೋದಾಗಲೆಲ್ಲ ಬೊಂಬೆ ಹಿಡಿದು ಎಣಿಸುತ್ತಾಳೆ, ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. ಪರೀಕ್ಷೆ ಮಾಡುವುದು ಬಿಟ್ಟಿದ್ದೇನೆ.

ಹೋದ ವಾರ ಹೋಗಿದ್ದಾಗ ಒಲೆ, ಕಲ್ಲು, ಕೂಸು, ದಬ್ಬಳ ಎಲ್ಲ ಮುಗಿಯಿತು. ಬೆರಳು ಇನ್ನೂ ಮುಂದೆ ಹೋಯಿತು. ಹೊಟ್ಟೆಯ ಪಕ್ಕಕ್ಕೆ, ಕತ್ತು ಇಳಿದು ಹೆಗಲು ಇರಬೇಕಾದ ಕಡೆ ಹೋಗಿ ನಿಂತಿತು. ಆ ಜಾಗದಲ್ಲಿ ಏನೂ ಇರಲಿಲ್ಲ. ಐವತ್ತು ವರ್ಷ ಇಟ್ಟುಕೊಂಡವನು ನಾನು, ನನಗೆ ಗೊತ್ತಿಲ್ಲದ ಗುರುತೇ?

"ಅಲ್ಲೇನೂ ಇಲ್ವಲ್ಲ ಚಿಗವ್ವ" ಅಂದೆ.

"ಐತೆ ಕಣ್ ಮಗ" ಅಂದಳು. "ಇದು ನಾನು ಕಚ್ಚಿದ್ದು. ಗಂಡನ್ ಮನೆಗ್ ಹೊಂಡೋ ದಿವ್ಸ ಇನ್ನೂ ಬೆಳಕು ಹರ್ದಿರ್ನಿಲ್ಲ. ನೀನು ಪಕ್ಕದಾಗ್ ಮಲಗಿದ್ದೆ. ನಿನ್ ಬುಟ್ಟು ಹೋಗ್ಬೇಕಲ್ಲ ಅಂತ ಅಳು ಬಂದ್ಬುಡ್ತು. ಸದ್ದಾದ್ರೆ ನೀನ್ ಎದ್ಬುಡ್ತೀಯ. ಎದ್ರೆ ನಾನ್ ಹೋಗಕ್ಕಾಗಲ್ಲ. ಅದ್ಕೆ ಇದ್ನ ಬಾಯ್ಗೆ ಇಟ್ಕಂಡು ಕಚ್ಚಿ ಹಿಡ್ಕಂಡು ಅತ್ತೆ."

ನಾನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಅಲ್ಲಿ ನಿಜಕ್ಕೂ ಹಲ್ಲಿನ ಗುರುತಿತ್ತೇ? ಅಷ್ಟೊಂದು ಗೀರುಗಳ ನಡುವೆ ನಾನೇ ಅದನ್ನು ಕಾಣದೆ ಹೋದೆನೇ? ಅಥವಾ ಅದು ಅವಳ ಕಲಸಿಹೋದ ನೆನಪೇ? ನೋಡಿ ತಿಳಿಯಬಹುದಾಗಿದ್ದ ಮರ ಚನ್ನಪಟ್ಟಣದಲ್ಲಿ ಹೊಟ್ಟಾಗಿ ಯಾವುದೋ ಒಲೆಗೆ ಹೋಗಿ ಎಷ್ಟೋ ಕಾಲವಾಯಿತು. ನಾನು ಮತ್ತೆ ಬಂದು ಕೂತಾಗ ಅವಳು ನನ್ನ ತೋರುಬೆರಳು ಹಿಡಿದು, ಎಳೆದು, ಆ ಜಾಗದ ಮೇಲೆ ಇಟ್ಟು ಒತ್ತಿದಳು.

"ಗೊತ್ತಾಯ್ತಾ?" ಅಂದಳು.

"ಗೊತ್ತಾಯ್ತು ಚಿಗವ್ವ" ಅಂದೆ. ಅವಳ ಸಮಾಧಾನಕ್ಕೆ ಹಾಗೆ ಹೇಳಿದೆನೋ, ನನ್ನ ಬೆರಳಿಗೆ ಅಲ್ಲಿ ನಿಜವಾಗಿಯೂ ಏನಾದರೂ ತಾಕಿತೋ, ಒಂದು ವಾರದಿಂದ ಯೋಚಿಸುತ್ತಿದ್ದೇನೆ. ನನಗೇ ತಿಳಿಯುತ್ತಿಲ್ಲ.